ಸಲೊಬ್ರೇನ್ಯಾದಲ್ಲಿ ಮನೆ ಗುಡ್ಡದ ಮೇಲೋ, ಕಡಲ ಬದಿಗೋ?

ಪ್ರಶ್ನೆ: ದಸರಾ ರಜೆಗೆ ದಕ್ಷಿಣ ಸ್ಪೇನ್‌ಗೆ ಹೊರಟಿದ್ದೇವೆ. ದೊಡ್ಡ ಬೀಚ್ ಊರುಗಳ ಜನಜಂಗುಳಿ ಬೇಡವೆಂದು ಗ್ರಾನಡಾ ಕರಾವಳಿಯ ಸಲೊಬ್ರೇನ್ಯಾದಲ್ಲಿ ನಾಲ್ಕು ದಿನ ಇರುವ ಯೋಚನೆ. ಜೊತೆಗೆ ಅಪ್ಪ–ಅಮ್ಮ. ಎಲ್ಲರೂ ಸಸ್ಯಾಹಾರಿಗಳು, ಕಾರು ಓಡಿಸುವುದಿಲ್ಲ. ಮನೆ ಎಲ್ಲಿ ಹಿಡಿಯಬೇಕು?

ಉತ್ತರ: ಹಿರಿಯರಿಗೆ ಮಂಡಿ ನೋವಿದ್ದರೆ ಎರಡನೇ ಮಾತಿಲ್ಲ, ಕೆಳಗೇ ಹಿಡಿಯಿರಿ. ಫೋಟೊಗಳಲ್ಲಿ ಕಾಣುವ ಬಿಳಿ ಮನೆಗಳ ಹಳೇ ಊರು ಬಂಡೆಗುಡ್ಡದ ಮೇಲಿದೆ. ತುದಿಯಲ್ಲಿ ಕೋಟೆ, ಅದರ ಕೆಳಗೆ ಓಣಿಗಳು, ಓಣಿಗಳ ನಡುವೆ ಮೆಟ್ಟಿಲೋ ಮೆಟ್ಟಿಲು. ಅಲ್ಲಿಂದ ಕಡಲಿಗೆ ಒಂದು ಕಿಲೋಮೀಟರಿಗೂ ಮಿಕ್ಕಿದ ದೂರ. ಇಳಿಯುವುದು ಸಲೀಸು. ಮಧ್ಯಾಹ್ನ ಎರಡಕ್ಕೆ ಒದ್ದೆ ಟವೆಲ್ ಹೊತ್ತು ಹತ್ತುವಾಗ ಬೇಸರ ಬರುತ್ತದೆ.

ಕರಾವಳಿ ಊರು ಕಡಲಿನಿಂದ ಇಷ್ಟು ದೂರ ಏಕೆ? ಒಂದು ಕಾಲಕ್ಕೆ ನೀರು ಈ ಬಂಡೆಯ ಬುಡದಲ್ಲೇ ಇತ್ತು. ಗ್ವಾದಲ್ಫೆಯೊ ನದಿ ತಂದು ಸುರಿದ ಹೂಳು ಬಯಲಾಗಿ, ಕಡಲು ಹಿಂದೆ ಸರಿಯಿತು. ಆ ಬಯಲಿನಲ್ಲಿ ಅರಬರ ಕಾಲದಿಂದ ಕಬ್ಬು ಬೆಳೆಯುತ್ತಿದ್ದರು. ಇಲ್ಲಿನ ಕೊನೆಯ ಸಕ್ಕರೆ ಕಾರ್ಖಾನೆ 2006ರಲ್ಲಿ ಬಾಗಿಲು ಹಾಕಿತು.

ಮೇಲೆಯೇ ಇರಬೇಕೆಂಬ ಆಸೆಯಿದ್ದರೆ (ಸಂಜೆ ಅಲ್ಲಿ ಕೂತವರಿಗೆ ಆ ಆಸೆ ಸಹಜ) ಮುಂಗಡ ಕೊಡುವ ಮೊದಲು ಮನೆಯವರಿಗೆ ಎರಡು ಪ್ರಶ್ನೆ ಹಾಕಿ. ಟ್ಯಾಕ್ಸಿ ಎಲ್ಲಿಯವರೆಗೆ ಬರುತ್ತದೆ? ಅಲ್ಲಿಂದ ಬಾಗಿಲಿಗೆ ಎಷ್ಟು ಮೆಟ್ಟಿಲು? ‘ಐದು ನಿಮಿಷದ ನಡಿಗೆ’ ಎಂಬ ಉತ್ತರ ಸಾಲದು, ಮೆಟ್ಟಿಲ ಲೆಕ್ಕವನ್ನೇ ಕೇಳಿ. ಚಕ್ರದ ಸೂಟ್‌ಕೇಸ್ ಅಲ್ಲಿ ಕೈಹೊರೆಯಾಗುತ್ತದೆ, ಬೆನ್ನಿಗೆ ಹಾಕುವ ಚೀಲ ಒಳ್ಳೆಯದು.

ರೈಲು ಹುಡುಕುತ್ತಾ ಕೂರಬೇಡಿ, ಈ ಊರಿಗೆ ರೈಲೇ ಇಲ್ಲ. ಮಲಗಾ ವಿಮಾನ ನಿಲ್ದಾಣದಿಂದ ಸಿ–1 ಲೋಕಲ್ ರೈಲಿನಲ್ಲಿ ಮರಿಯಾ ಸಂಬ್ರಾನೊ ನಿಲ್ದಾಣಕ್ಕೆ ಹತ್ತು ನಿಮಿಷದಷ್ಟು ಹಾದಿ. ಬಸ್ ನಿಲ್ದಾಣ ಪಕ್ಕದಲ್ಲೇ. ಅಲ್ಲಿಂದ ಆಲ್ಸಾ ಕಂಪನಿಯ ಬಸ್ಸು. ಕರಾವಳಿಯ ಊರುಗಳಲ್ಲಿ ನಿಲ್ಲುತ್ತಾ ಹೋಗುವುದರಿಂದ ಸುಮಾರು ಎರಡು ಗಂಟೆ ಇಟ್ಟುಕೊಳ್ಳಿ. ಗ್ರಾನಡಾದಿಂದಲೂ ನೇರ ಬಸ್ಸಿದೆ, ಒಂದು ಗಂಟೆಯ ಆಸುಪಾಸು. ಭಾನುವಾರ ಬಸ್ಸು ಕಡಿಮೆ, ಬಹುತೇಕ ಅಂಗಡಿಗಳೂ ಮುಚ್ಚಿರುತ್ತವೆ. ಶನಿವಾರವೇ ಹಾಲು–ಹಣ್ಣು ತಂದಿಟ್ಟುಕೊಳ್ಳಿ.

ಊಟದ ವಿಷಯಕ್ಕೆ ಬಂದರೆ, ಮೊದಲ ತೊಡಕು ಗಡಿಯಾರ. ಮಧ್ಯಾಹ್ನದ ಅಡುಗೆ ಒಂದೂವರೆಯಿಂದ ನಾಲ್ಕರವರೆಗೆ, ರಾತ್ರಿಯದು ಎಂಟೂವರೆಯ ನಂತರ. ಆರು ಗಂಟೆಗೆ ಹಸಿವಾದರೆ ಕಾಫಿಯೇ ಗತಿ. ಎರಡನೆಯದು ‘ಹಮೋನ್’, ಅಂದರೆ ಒಣಗಿಸಿದ ಹಂದಿಮಾಂಸ. ‘ಸಿನ್ ಕಾರ್ನೆ’ (ಮಾಂಸ ಬೇಡ) ಎಂದಷ್ಟೇ ಹೇಳಿದರೆ ತರಕಾರಿಯ ಮೇಲೆ ಹಮೋನ್ ಚೂರು ಉದುರಿಸಿ ತಂದಾರು. ಎಷ್ಟೋ ಜನರಿಗೆ ಅದು ಮಾಂಸದ ಲೆಕ್ಕಕ್ಕೇ ಬರುವುದಿಲ್ಲ. ಸಲಾಡಿಗೆ ಟ್ಯೂನಾ ಮೀನು ಬೀಳುತ್ತದೆ. ಹಾಗಾಗಿ ಪೂರ್ತಿ ಹೇಳಿ: ‘ಸಿನ್ ಕಾರ್ನೆ, ಸಿನ್ ಹಮೋನ್, ಸಿನ್ ಪೆಸ್ಕಾದೊ, ಸಿನ್ ಅತೂನ್’.

ಗ್ರಾನಡಾ ಪ್ರಾಂತ್ಯದ ಬಾರುಗಳಲ್ಲಿ ಪಾನೀಯದ ಜೊತೆ ಒಂದು ತಾಪಾ, ಅಂದರೆ ಚಿಕ್ಕ ತಟ್ಟೆ ತಿಂಡಿ, ಸಾಮಾನ್ಯವಾಗಿ ಪುಕ್ಕಟೆ. ಅದನ್ನು ಆರಿಸುವವರು ಅವರೇ ಆದ್ದರಿಂದ ಪಾನೀಯ ಕೇಳುವಾಗಲೇ ಮೇಲಿನ ಮಂತ್ರ ಹೇಳಿಬಿಡಿ. ಮದ್ಯ ಬೇಡದವರಿಗೆ ‘ಮೊಸ್ತೊ’ ಇದೆ, ಹುಳಿ ಬರಿಸದ ದ್ರಾಕ್ಷಿರಸ.

ಕೇಳಿ ತಿನ್ನಬೇಕಾದದ್ದು ‘ಬೆರೆನ್‌ಹೇನಾಸ್ ಕೊನ್ ಮಿಯೆಲ್ ದೆ ಕಾನ್ಯಾ’. ತೆಳ್ಳಗೆ ಹೆಚ್ಚಿದ ಬದನೆಕಾಯಿಯನ್ನು ಹಿಟ್ಟಿನಲ್ಲಿ ಹೊರಳಿಸಿ, ಗರಿಗರಿಯಾಗಿ ಕರಿದು, ಮೇಲೆ ಕಪ್ಪು ಪಾಕವನ್ನು ಎಳೆಯೆಳೆಯಾಗಿ ಸುರಿದಿರುತ್ತಾರೆ. ಹೆಸರಿನಲ್ಲಿ ಜೇನು ಇದೆ, ಆದರೆ ಅದು ಕಬ್ಬಿನ ಹಾಲು ಕಾಯಿಸಿದ ಪಾಕ. ಬೆರಳಿಗೆ ಹಚ್ಚಿ ನೆಕ್ಕಿದರೆ ಮಲೆನಾಡಿನವರು ‘ಇದು ನಮ್ಮ ಜೋನಿಬೆಲ್ಲದ ಅಣ್ಣ’ ಎನ್ನುತ್ತಾರೆ, ಸ್ವಲ್ಪ ಕಹಿ ಹೆಚ್ಚು. ಮೀನು ಕರಿದ ಎಣ್ಣೆಯಲ್ಲೇ ಇದನ್ನೂ ಕರಿಯುವುದುಂಟು. ಕಟ್ಟುನಿಟ್ಟಿನವರು ಮೊದಲೇ ವಿಚಾರಿಸಿ.

ಅಕ್ಟೋಬರ್‌ನಲ್ಲಿ ಚಿರಿಮೊಯಾ ಹಣ್ಣು ಶುರುವಾಗುತ್ತದೆ. ನಮ್ಮ ಸೀತಾಫಲದ ದಾಯಾದಿ, ಆದರೆ ಕಣ್ಣುಕಣ್ಣಾಗಿ ಬಿಡಿಸಿಕೊಳ್ಳುವುದಿಲ್ಲ, ಸಿಪ್ಪೆ ನುಣುಪು. ಹೆಬ್ಬೆರಳಿಗೆ ಸ್ವಲ್ಪ ತಗ್ಗಿದರೆ ಹಣ್ಣಾಗಿದೆ ಎಂದರ್ಥ. ಅರ್ಧ ಸೀಳಿ ಚಮಚದಲ್ಲಿ ತಿನ್ನಿ. ಕಾಯಿಯನ್ನು ಫ್ರಿಜ್ಜಿಗೆ ಹಾಕಿದರೆ ಸಿಪ್ಪೆ ಕಪ್ಪಾಗುತ್ತದೆಯೇ ಹೊರತು ಹದವಾಗಿ ಹಣ್ಣಾಗುವುದಿಲ್ಲ.

ಬೀಚ್ ಬಗ್ಗೆ ಒಂದು ಮಾತು. ಬಿಳಿ ಮರಳು ನಿರೀಕ್ಷಿಸಬೇಡಿ: ಬೂದು ಬಣ್ಣದ ದಪ್ಪ ಮರಳು, ನಡುನಡುವೆ ಬೆಣಚುಕಲ್ಲು. ನೀರಿಗೆ ಹಾಕಿಕೊಳ್ಳುವ ರಬ್ಬರ್ ಚಪ್ಪಲಿ ಬೇಕೇ ಬೇಕು. ನಾಲ್ಕು ಹೆಜ್ಜೆಗೇ ಆಳ ಸಿಗುವ ಕಡೆಗಳಿವೆ, ಮಕ್ಕಳನ್ನು ದಡದಲ್ಲೇ ಆಡಿಸಿ. ಸಮುದ್ರಕ್ಕೆ ಚಾಚಿದ ‘ಪೆನ್ಯೋನ್’ ಬಂಡೆ ದಂಡೆಯನ್ನು ಎರಡು ಭಾಗ ಮಾಡುತ್ತದೆ. ಪಶ್ಚಿಮದ ಗಾಳಿ, ಅವರ ‘ಪೊನಿಯೆಂತೆ’, ಬೀಸಿದ ದಿನ ಅಲೆ ಏಳುತ್ತದೆ. ಆ ದಿನ ಈಜು ಬಿಟ್ಟು ಕೋಟೆ ಹತ್ತಿ. ಗ್ರಾನಡಾದ ಸುಲ್ತಾನನಾದ ಮೂರನೇ ಯೂಸುಫ್ ಪಟ್ಟಕ್ಕೇರುವ ಮೊದಲು, 1408ರವರೆಗೆ, ಸೆರೆಯಲ್ಲಿದ್ದದ್ದು ಅಲ್ಲೇ. ಮೇಲಿನಿಂದ ಹೂಳಿನ ಬಯಲು, ನದಿ, ಹಿಂದೆ ಸರಿದ ಕಡಲು ಒಂದೇ ನೋಟಕ್ಕೆ ಸಿಗುತ್ತವೆ. ಅಪ್ಪ–ಅಮ್ಮ ಬರುವುದಾದರೆ ಬೆಳಿಗ್ಗೆ ಬಿಸಿಲೇರುವ ಮೊದಲು ಟ್ಯಾಕ್ಸಿಯಲ್ಲಿ ಆದಷ್ಟು ಮೇಲೆ ಹೋಗಿ, ಇಳಿಯುವಾಗ ನಿಧಾನಕ್ಕೆ ನಡೆಯಿರಿ.