ನಕಲು ತೆಗೆದ ಫೋಟೊ, ಕಪ್ಪು ಪುಸ್ತಕ: ಫ್ರೆಂಚ್ ಚಿಂತನೆ ನ್ಯೂಯಾರ್ಕ್ ಸೇರಿದ್ದು ಹೇಗೆ

1981ರಲ್ಲಿ ನ್ಯೂಯಾರ್ಕಿನ ಮೆಟ್ರೋ ಪಿಕ್ಚರ್ಸ್ ಗ್ಯಾಲರಿಯ ಗೋಡೆ ಮೇಲೆ ಒಂದಷ್ಟು ಕಪ್ಪು ಬಿಳುಪು ಫೋಟೊಗಳಿದ್ದವು. ಅಲಬಾಮಾದ ಬಡ ಗೇಣಿದಾರರು, ಬಿಗಿದ ತುಟಿಯ ಹೆಂಗಸು, ಹಲಗೆ ಗೋಡೆ. ಎಲ್ಲವೂ ವಾಕರ್ ಎವಾನ್ಸ್ 1936ರಲ್ಲಿ ತೆಗೆದ ಹೆಸರಾಂತ ಚಿತ್ರಗಳು. ಆದರೆ ಪ್ರದರ್ಶನ ಎವಾನ್ಸ್ ಅವರದಲ್ಲ, ಶೆರಿ ಲೆವೀನ್ ಎಂಬ ಕಲಾವಿದೆಯದು. ಪುಸ್ತಕದಲ್ಲಿ ಅಚ್ಚಾಗಿದ್ದ ಆ ಚಿತ್ರಗಳಿಗೇ ಕ್ಯಾಮೆರಾ ಹಿಡಿದು ಫೋಟೊ ತೆಗೆದಿದ್ದರು, ಅಷ್ಟೇ. ಏನೂ ತಿದ್ದಿರಲಿಲ್ಲ. ‘ವಾಕರ್ ಎವಾನ್ಸ್ ನಂತರ’ ಎಂದು ಹೆಸರಿಟ್ಟಿದ್ದರು.

ಇದು ಕಳ್ಳತನ ಅಲ್ವಾ ಎಂದು ಕೇಳಿದರೆ, ಉತ್ತರಕ್ಕೆ ಪ್ಯಾರಿಸ್ಸಿನ ಕಡೆ ತಿರುಗಬೇಕು.

ಕೃತಿಯ ಅರ್ಥ ಬರೆದವನ ಜೇಬಿನಲ್ಲಿ ಇರುವುದಿಲ್ಲ, ಓದುವವನ ಹತ್ತಿರ ಹುಟ್ಟುತ್ತದೆ ಎಂದು ವಾದಿಸಿದವರು ಫ್ರೆಂಚ್ ವಿಮರ್ಶಕ ರೋಲಾಂ ಬಾರ್ತ್. ‘ಲೇಖಕನ ಸಾವು’ ಎಂಬ ಆ ಪ್ರಬಂಧ ಮೊದಲು ಬೆಳಕು ಕಂಡಿದ್ದು ಫ್ರೆಂಚಿನಲ್ಲಲ್ಲ, ಇಂಗ್ಲಿಷಿನಲ್ಲಿ, ಅದೂ ಅಮೆರಿಕದಲ್ಲಿ. 1967ರಲ್ಲಿ ‘ಆಸ್ಪೆನ್’ ಎಂಬ ವಿಚಿತ್ರ ಪತ್ರಿಕೆ ಅದನ್ನು ಪ್ರಕಟಿಸಿತು. ಪತ್ರಿಕೆ ಅಂದರೆ ಬಿಳಿ ಪೆಟ್ಟಿಗೆ. ಮುಚ್ಚಳ ತೆಗೆದರೆ ಒಳಗೆ ಫಿಲ್ಮ್ ರೀಲು, ಗ್ರಾಮಫೋನ್ ರೆಕಾರ್ಡು, ಕತ್ತರಿಸಿ ಜೋಡಿಸುವ ರಟ್ಟು, ಅವುಗಳ ಜೊತೆ ಬಾರ್ತ್. ಅಂದರೆ ಈ ವಿಚಾರ ಮೊದಲ ದಿನದಿಂದಲೂ ಕಲಾವಿದರ ಸಾಮಾನುಗಳ ನಡುವೆಯೇ ಬೆಳೆದದ್ದು.

ಅದಕ್ಕೆ ಒಂದು ವರ್ಷ ಮೊದಲು, 1966ರ ಅಕ್ಟೋಬರಿನಲ್ಲಿ, ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಸಮ್ಮೇಳನದಲ್ಲಿ ಬಾರ್ತ್, ಮನೋವಿಶ್ಲೇಷಕ ಲಕಾಂ, ಆಗಿನ್ನೂ ಹೆಚ್ಚು ಜನಕ್ಕೆ ಗೊತ್ತಿಲ್ಲದ ತತ್ವಜ್ಞಾನಿ ದೆರಿದಾ ಮಾತಾಡಿದ್ದರು. 1974ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಸಿಲ್ವೇರ್ ಲೋತ್ರಿಂಜರ್ ಮತ್ತವರ ಗೆಳೆಯರು ‘ಸೆಮಿಯೋಟೆಕ್ಸ್ಟ್’ ಪತ್ರಿಕೆ ಶುರು ಮಾಡಿದರು. ಮರುವರ್ಷ ಅವರು ನಡೆಸಿದ ಸಭೆಗೆ ಒಂದು ಕಡೆಯಿಂದ ಫ್ರೆಂಚ್ ತತ್ವಜ್ಞಾನಿಗಳಾದ ಫೂಕೋ, ದೆಲೂಜ್ ಬಂದರು, ಇನ್ನೊಂದು ಕಡೆಯಿಂದ ಸಂಗೀತಗಾರ ಜಾನ್ ಕೇಜ್. 1976ರಲ್ಲಿ ರೋಸಲಿಂಡ್ ಕ್ರಾಸ್ ಮತ್ತು ಆನೆಟ್ ಮೈಕಲ್ಸನ್ ‘ಅಕ್ಟೋಬರ್’ ಎಂಬ ಕಲಾ ವಿಮರ್ಶೆಯ ಪತ್ರಿಕೆ ಹೊರತಂದರು. ಮೊದಲ ಸಂಚಿಕೆಯಲ್ಲೇ ಫೂಕೋ ಬರಹವಿತ್ತು.

ಇಷ್ಟೊಂದು ಕಷ್ಟದ ಬರಹ ಅಲ್ಲಿ ಯಾಕೆ ಹಿಡಿಸಿತು? ಹಿಂದಿನ ತಲೆಮಾರಿಗೆ ಕಲಾವಿದ ಅಂದರೆ ವೀರ. ಚಿತ್ರಕಾರ ಜಾಕ್ಸನ್ ಪೊಲಾಕ್ ಕ್ಯಾನ್ವಾಸ್ ಮೇಲೆ ಬಣ್ಣ ಸುರಿದರೆ ಅದು ಅವರ ಒಳಮನಸ್ಸು ಎಂದು ಜನ ನೋಡುತ್ತಿದ್ದರು. ಲೆವೀನ್ ವಾರಿಗೆಯವರು ಟೀವಿ, ಜಾಹೀರಾತು ನೋಡುತ್ತಾ ಬೆಳೆದವರು. ತಲೆ ತುಂಬಾ ಬೇರೆಯವರು ಮಾಡಿದ ಚಿತ್ರಗಳೇ. ‘ನನ್ನ ಸ್ವಂತದ್ದು’ ಎಂದು ಹೇಳಿಕೊಳ್ಳಲು ಅವರಿಗೆ ನಾಚಿಕೆ. ಆ ನಾಚಿಕೆಗೆ ಬಾರ್ತ್ ಭಾಷೆ ಕೊಟ್ಟರು. ಎವಾನ್ಸ್ ಎಂಬ ಗಂಡು ಗುರುವಿನ ಚಿತ್ರಕ್ಕೆ ಒಬ್ಬ ಹೆಂಗಸು ತನ್ನ ಹೆಸರು ಹಾಕಿದ್ದರಲ್ಲಿ ಇನ್ನೊಂದು ಚುಚ್ಚು ಮಾತೂ ಇತ್ತು. ನನಗೆ ಬಾರ್ತ್‌ಗಿಂತ ಅದೇ ಜಾಸ್ತಿ ಹರಿತ ಅನ್ನಿಸುತ್ತದೆ.

1983ರಲ್ಲಿ ಲೋತ್ರಿಂಜರ್ ಜೇಬಿಗೆ ಹಿಡಿಯುವಂಥ ಕಪ್ಪು ರಟ್ಟಿನ ಪುಸ್ತಕಗಳನ್ನು ತರತೊಡಗಿದರು. ಅದರಲ್ಲೊಂದು ಫ್ರೆಂಚ್ ಚಿಂತಕ ಜಾಂ ಬೋದ್ರಿಯಾ ಅವರದು. ಮೂಲವೇ ಇಲ್ಲದ ನಕಲುಗಳ ನಡುವೆ ನಾವು ಬದುಕಿದ್ದೇವೆ ಎಂಬುದು ಅವರ ವಾದ. ಚಿತ್ರಕಾರ ಪೀಟರ್ ಹ್ಯಾಲಿ ಇದನ್ನೂ, ಸಮಾಜವೇ ಸೆರೆಮನೆಯ ಹಾಗೆ ಜನರ ಮೇಲೆ ಕಣ್ಣಿಟ್ಟು ಪಳಗಿಸುತ್ತದೆ ಎಂಬ ಫೂಕೋ ಅವರ ವಿಚಾರವನ್ನೂ ಕೂಡಿಸಿಕೊಂಡರು. ಅವರ ಚಿತ್ರದಲ್ಲಿ ಒಂದು ಚೌಕ, ಅದಕ್ಕೆ ಸೇರಿದ ಪೈಪಿನಂಥ ಗೆರೆಗಳು. ಚೌಕ ಅಂದರೆ ಜೈಲಿನ ಕೋಣೆ, ಗೆರೆ ಅಂದರೆ ವೈರು. ಕಣ್ಣು ಕುಕ್ಕುವ ಡೇ-ಗ್ಲೋ ಬಣ್ಣ. ಕೆಲವು ಕಡೆ ಅಗ್ಗದ ಮನೆಗಳ ಗೋಡೆಗೆ ಬಳಿಯುವ ತರಿತರಿ ಬಣ್ಣ. ಫೂಕೋ ಓದದವರಿಗೂ ಅದರ ಮುಂದೆ ನಿಂತರೆ ಉಸಿರು ಕಟ್ಟಿದ ಹಾಗಾಗುತ್ತದೆ.

1986ರಲ್ಲಿ ಸೊನ್ನಬೆಂಡ್ ಗ್ಯಾಲರಿಯಲ್ಲಿ ಹ್ಯಾಲಿ, ಜೆಫ್ ಕೂನ್ಸ್ ಸೇರಿ ನಾಲ್ವರ ಪ್ರದರ್ಶನ ದೊಡ್ಡ ಸದ್ದು ಮಾಡಿತು. ಬೋದ್ರಿಯಾ ಹೆಸರು ಎಲ್ಲರ ಬಾಯಲ್ಲೂ. 1987ರಲ್ಲಿ ಅವರೇ ವಿಟ್ನಿ ಮ್ಯೂಸಿಯಂಗೆ ಭಾಷಣಕ್ಕೆ ಬಂದರು. ಮೆಚ್ಚುಗೆ ಸಿಗುತ್ತದೆ ಎಂದು ಕಾದವರಿಗೆ ಸಿಕ್ಕಿದ್ದು ತಣ್ಣೀರು. ನೀವು ಮಾಡುತ್ತಿರುವುದಕ್ಕೂ ನಾನು ಬರೆದದ್ದಕ್ಕೂ ಸಂಬಂಧವಿಲ್ಲ, ಮೂಲವಿಲ್ಲದ ನಕಲನ್ನು ಚಿತ್ರ ಬರೆದು ತೋರಿಸಲಾಗದು ಎಂಬ ಧಾಟಿಯಲ್ಲಿ ಅವರು ಕೈ ತೊಳೆದುಕೊಂಡರು. ಅದೇ ವರ್ಷ ಗ್ರೂಪ್ ಮೆಟೀರಿಯಲ್ ಎಂಬ ಕಲಾವಿದರ ತಂಡ ‘ಪ್ರತಿರೋಧ (ಬೋದ್ರಿಯಾ ವಿರೋಧಿ)’ ಎಂಬ ಪ್ರದರ್ಶನವನ್ನೇ ಇಟ್ಟಿತು.

ಅಲ್ಲಾ, ಅರ್ಥ ಓದುಗನ ಕೈಯಲ್ಲಿದೆ ಎಂದ ಮೇಲೆ ಓದುಗ ತಪ್ಪು ಓದಿದ ಎಂದು ಸಿಟ್ಟಾಗುವುದು ಹೇಗೆ? ಆ ಮಾತು ಬಾರ್ತ್ ಅವರದು, ಬೋದ್ರಿಯಾ ಅವರದಲ್ಲ, ನಿಜ. ಆದರೆ ನ್ಯೂಯಾರ್ಕಿನ ಕಲಾವಿದರು ಇವರೆಲ್ಲರನ್ನೂ ಒಂದೇ ಕಪಾಟಿನಲ್ಲಿ ಇಟ್ಟು ಓದಿದ್ದರು. ಪ್ಯಾರಿಸ್ಸಿನಲ್ಲಿ ಒಬ್ಬರನ್ನೊಬ್ಬರು ಒಪ್ಪದವರು ಅಲ್ಲಿ ‘ಫ್ರೆಂಚ್ ಥಿಯರಿ’ ಎಂಬ ಒಂದೇ ಹೆಸರಿನಡಿ ಬಂದರು. ಆ ಹೆಸರಂತೂ ಅಪ್ಪಟ ಅಮೆರಿಕದ್ದು.

ಎವಾನ್ಸ್ ಅವರ ಸಂಗ್ರಹ ಇರುವ ಮೆಟ್ರೋಪಾಲಿಟನ್ ಮ್ಯೂಸಿಯಂನಲ್ಲೇ ಈಗ ಲೆವೀನ್ ಫೋಟೊಗಳೂ ಇವೆ. 2001ರಲ್ಲಿ ಮೈಕಲ್ ಮ್ಯಾಂಡಿಬರ್ಗ್ ಎಂಬ ಕಲಾವಿದರು ಅವೇ ಚಿತ್ರಗಳನ್ನು ಸ್ಕ್ಯಾನ್ ಮಾಡಿ ವೆಬ್‌ಸೈಟಿಗೆ ಹಾಕಿದರು. ಯಾರು ಬೇಕಾದರೂ ಇಳಿಸಿಕೊಂಡು ಪ್ರಿಂಟ್ ತೆಗೆಯಬಹುದು. ಜೊತೆಗೆ ‘ಇದು ಅಸಲಿ’ ಎನ್ನುವ ಪ್ರಮಾಣಪತ್ರವೂ ಸಿಗುತ್ತದೆ. ಅದಕ್ಕೆ ಸಹಿ ನೀವೇ ಹಾಕಿಕೊಳ್ಳಬೇಕು.