ಮೊದಲು ತುದಿಯ ಫೋಟೊ ಕಳಿಸಿ

ಆಗಾಗ ಇಂಥದ್ದೊಂದು ಫೋಟೊ ಬರುತ್ತಲೇ ಇರುತ್ತದೆ. ಅಂಗೈ ಮೇಲೆ ಸಮುದ್ರದ ಬಸವನಹುಳುವಿನ ಸಾಸಿವೆ ಕಾಳಿನಷ್ಟು ಚಿಪ್ಪು, ಕೆಳಗೆ ಒಂದು ಸಾಲು: "ಸರ್, ಯಾವ ಪುಸ್ತಕದಲ್ಲೂ ಇದು ಸಿಗಲಿಲ್ಲ. ಹೊಸ ಪ್ರಭೇದ ಅಲ್ವಾ?" ಚಿಪ್ಪಿನ ತುದಿಯ ಫೋಟೊ ಕಳಿಸಿ ಅಂತ ನಾನು ಬರೆಯುತ್ತೇನೆ. ಬಾಯಿಯ ಫೋಟೊ ಬರುತ್ತದೆ, ಬೆನ್ನಿನದು ಬರುತ್ತದೆ, ಪಕ್ಕದಲ್ಲಿ ನಾಣ್ಯ ಇಟ್ಟು ತೆಗೆದದ್ದೂ ಬರುತ್ತದೆ. ತುದಿಯದು ಮಾತ್ರ ಬರುವುದಿಲ್ಲ.

ತುದಿಯನ್ನು ಯಾಕೆ ಕೇಳುತ್ತೇನೆ ಅಂತ ಇಲ್ಲಿ ನಿಧಾನವಾಗಿ ಹೇಳಿಬಿಡುತ್ತೇನೆ. ಸಮುದ್ರದ ಬಸವನಹುಳು ಏಡಿಯ ಹಾಗೆ ಹಳೇ ಚಿಪ್ಪು ಕಳಚಿ ಹೊಸದು ಮಾಡಿಕೊಳ್ಳುವುದಿಲ್ಲ. ಬಾಯಿಯ ಅಂಚಿಗೆ ಸ್ವಲ್ಪ ಸ್ವಲ್ಪ ಸುಣ್ಣ ಸೇರಿಸುತ್ತ, ಸುತ್ತುತ್ತ ಬೆಳೆಯುತ್ತದೆ. ಹಾಗಾಗಿ ಬಾಯಿ ಇವತ್ತಿನದು, ತುದಿ ಹುಟ್ಟಿದಾಗಿನದು. ಮರಿಯಾಗಿದ್ದಾಗ ಕಟ್ಟಿದ ಆ ಪುಟ್ಟ ಚಿಪ್ಪು, ನಾವು ಪ್ರೊಟೊಕಾಂಚ್ ಅನ್ನುವುದು, ಕೊನೇತನಕ ಅಲ್ಲೇ ಕೂತಿರುತ್ತದೆ. ಸೀಕಮ್ ಅನ್ನುವ ಪುಟ್ಟ ಕೊಳವೆಯಂಥ ಬಸವನಹುಳುವಿನ ಹಾಗೆ ಕೆಲವು ಅದನ್ನು ಬೆಳೆಯುತ್ತ ಕಳೆದುಕೊಳ್ಳುತ್ತವೆ. ಅವನ್ನು ಬಿಟ್ಟರೆ ಸಾಮಾನ್ಯವಾಗಿ ಪ್ರತಿ ಚಿಪ್ಪಿನ ಬಾಲ್ಯವೂ ಅದರ ತಲೆ ಮೇಲೇ ಇದೆ.

ಈಗ ನಿಮ್ಮ ಎರಡು ಮಿಲಿಮೀಟರ್ ಚಿಪ್ಪಿಗೆ ಬನ್ನಿ. ಅದು ಬೆಳೆದು ನಿಂತ ಚಿಕ್ಕ ಹುಳುವಾ, ಅಥವಾ ದೊಡ್ಡ ಹುಳುವಿನ ಮರಿಯಾ? ಎಲ್ಲರೂ ಎಡವುವುದು ಇಲ್ಲೇ. ಕವಡೆಯನ್ನೇ ನೋಡಿ. ನಾವು ಬಲ್ಲ ಕವಡೆಗೆ ಉಬ್ಬಿದ ಬೆನ್ನು, ಹಲ್ಲಿರುವ ಸಂದಿಯಂಥ ಬಾಯಿ. ಅದರ ಮರಿಯ ಚಿಪ್ಪು ಹಾಳೆಯಷ್ಟು ತೆಳು, ಬಾಯಿ ಅಗಲ, ಹಲ್ಲಿಲ್ಲ, ಮೇಲೆ ಸುತ್ತುಗಳು ಎದ್ದು ಕಾಣುತ್ತವೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ತಾಯಿ ಮಕ್ಕಳು ಅಂತ ಯಾರೂ ನಂಬುವುದಿಲ್ಲ. ಪಳಗಿದವರೂ ಮೋಸ ಹೋಗಿದ್ದಾರೆ. 19ನೇ ಶತಮಾನದಲ್ಲಿ ತೇಲಾಡುವ ಒಂದು ಪುಟ್ಟ ಚಿಪ್ಪಿಗೆ ಮ್ಯಾಕ್‌ಗಿಲಿವ್ರೇಯಾ ಅಂತ ಹೊಸ ಕುಲವನ್ನೇ, ಅಂದರೆ ಪ್ರಭೇದಗಳ ಹೊಸ ಗುಂಪನ್ನೇ, ಮಾಡಿದರು. ಆಮೇಲೆ ನೋಡಿದರೆ ಅದು ದೊಡ್ಡ ಟೊನ್ನಾ ಶಂಖದ ಮರಿ!

ಮೈಕ್ರೋಸ್ಕೋಪಿನಡಿ ನಾನು ಮೊದಲು ನೋಡುವುದು ಮರಿಚಿಪ್ಪು ಮುಗಿದು ಮುಂದಿನದು ಶುರುವಾಗುವ ಗೆರೆಯನ್ನು. ಆ ಗೆರೆಯಿಂದ ಬಾಯಿವರೆಗೆ ಒಂದೇ ಸುತ್ತಿದ್ದು, ಅಂಚು ತೆಳುವಾಗಿದ್ದರೆ ಅನುಮಾನ ಮರಿಯ ಮೇಲೇ. ಅಂಚು ದಪ್ಪವಾಗಿ ಹೊರಕ್ಕೆ ಉಬ್ಬಿದ್ದರೆ ಬೆಳೆದದ್ದು ಇರಬಹುದು. ಇರಬಹುದು ಅಂತಲೇ ಹೇಳುತ್ತೇನೆ, ಬೆಳೆದ ಮೇಲೂ ಅಂಚು ದಪ್ಪಗಾಗದವು ಬಹಳ ಇವೆ. ತುದಿ ಇನ್ನೊಂದನ್ನೂ ಹೇಳುತ್ತದೆ. ಬಿಗಿಯಾಗಿ ಮೂರು ನಾಲ್ಕು ಸುತ್ತಿದ್ದರೆ ಮರಿ ಸಮುದ್ರದಲ್ಲಿ ತೇಲುತ್ತ, ತಿನ್ನುತ್ತ ಕಾಲ ಕಳೆದಿದೆ. ಒಂದು ಒಂದೂವರೆ ದಪ್ಪ ಸುತ್ತಿದ್ದರೆ ಹಾಗೆ ತಿನ್ನುತ್ತ ಬಹುಕಾಲ ಅಲೆದಿಲ್ಲ, ಎಷ್ಟೋ ಸಲ ಮೊಟ್ಟೆಯಿಂದ ನೇರವಾಗಿ ತೆವಳಿಕೊಂಡೇ ಬಂದಿರುತ್ತದೆ. ಉಳಿದೆಲ್ಲ ಒಂದೇ ಥರ ಇದ್ದು ತುದಿ ಮಾತ್ರ ಹೀಗೆ ಬೇರೆಯಾದರೆ, ಬಹುಪಾಲು ಅವು ಎರಡು ಪ್ರಭೇದ.

ಹೊಸದು ಸಿಗುವುದೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಪೆಸಿಫಿಕ್ ಸಾಗರದ ನ್ಯೂ ಕ್ಯಾಲೆಡೋನಿಯಾ ದ್ವೀಪದ ಕೂಮಾಕ್ ಬಳಿ 295 ಚದರ ಕಿಲೋಮೀಟರ್ ಜಾಗದಲ್ಲೇ ಚಿಪ್ಪುಜೀವಿಗಳ 2,738 ಪ್ರಭೇದ ಸಿಕ್ಕವು. ಹೆಚ್ಚಿನವು ತೀರಾ ಸಣ್ಣವು. ಐದರಲ್ಲಿ ಒಂದು ಪ್ರಭೇದಕ್ಕೆ ಒಂದೇ ಒಂದು ಚಿಪ್ಪು! ಅದಕ್ಕೇ ಹೇಳುತ್ತಿದ್ದೇನೆ, ಒಂದೇ ಚಿಪ್ಪು ಆರಿಸಿ ಕಳಿಸಬೇಡಿ, ಅದು ಸಿಕ್ಕ ಜಾಗದ ಮರಳನ್ನೂ ಕಳಿಸಿ.

ಒಬ್ಬ ನಿವೃತ್ತ ಶಿಕ್ಷಕಿ ಹಾಗೇ ಮಾಡಿದರು. ಅವರ ಮೊದಲ ಚಿಪ್ಪಿನ ತುದಿ ಕಂದು ಬಣ್ಣ, ಮೂರೂವರೆ ಸುತ್ತು, ಮೇಲೆ ಓರೆಯಾಗಿ ಹೆಣೆದ ಬಲೆಯಂಥ ಗೆರೆ. ರಾಫಿಟೋಮಿಡೇ ಕುಟುಂಬದ ಹಲವು ಹುಳುಗಳ ತುದಿ ಹೀಗೇ ಇರುತ್ತದೆ. ಮರಳು ತರಿಸಿ, ಒದ್ದೆ ಕುಂಚದ ತುದಿಯಿಂದ ಒಂದೊಂದೇ ಚಿಪ್ಪು ಎತ್ತಿ ಸಾಲಾಗಿ ಇಟ್ಟೆ. ಎರಡು ಮಿಲಿಮೀಟರ್, ನಾಲ್ಕು, ಒಂಬತ್ತು. ಎಲ್ಲದರ ತಲೆ ಮೇಲೂ ಅದೇ ಕಂದು ಬಲೆ. ಅವರದು ಮರಿ, ಹೆಸರೂ ಮೊದಲೇ ಇತ್ತು. ಅವರಿಗೆ ಅದನ್ನು ಬರೆಯುವಾಗ ಕೈ ಸ್ವಲ್ಪ ತಡೆಯಿತು.

ಆದರೆ ಅದೇ ಮರಳಲ್ಲಿ ಇನ್ನೊಂದಿತ್ತು. ಒಂದೂವರೆ ಮಿಲಿಮೀಟರ್, ದಪ್ಪ ಅಂಚು, ನುಣುಪಾದ ಒಂದೇ ಸುತ್ತಿನ ತುದಿ. ಅಂಥವು ಐದು ಸಿಕ್ಕವು. ಪ್ರಾಣಿಗಳ ವೈಜ್ಞಾನಿಕ ಹೆಸರುಗಳ ಲೆಕ್ಕ ಶುರುವಾಗುವ 1758ರಿಂದ ಈಚೆಗೆ ಇದರ ಹತ್ತಿರದವಕ್ಕೆಲ್ಲ ಇಟ್ಟ ಹೆಸರುಗಳನ್ನು ಹುಡುಕಿ, ಮ್ಯೂಸಿಯಂಗಳಲ್ಲಿರುವ ಮೂಲ ಚಿಪ್ಪುಗಳ ಜೊತೆ ಹೋಲಿಸುತ್ತಿದ್ದೇನೆ. ಈ ಕೆಲಸಕ್ಕೇ ಜಾಸ್ತಿ ಕಾಲ ಬೇಕು. ಹೊಸದೇ ಅಂತಾದರೆ ಒಂದನ್ನು ಹೊಲೊಟೈಪ್, ಅಂದರೆ ಆ ಹೆಸರಿಗೆ ಆಧಾರವಾಗುವ ಮೂಲ ಚಿಪ್ಪು, ಅಂತ ಆರಿಸಿ, ಯಾವ ಸಂಗ್ರಹದಲ್ಲಿದೆ ಅಂತ ಪ್ರಬಂಧದಲ್ಲೇ ಬರೆಯಬೇಕು. 2000ದಿಂದ ಇದು ಕಡ್ಡಾಯ.

"ನಮ್ಮ ಅಮ್ಮನ ಹೆಸರು ಇಡಬಹುದಾ ಸರ್?" ಅಂತ ಅವರು ಕೇಳಿದರು. ಖಂಡಿತ ಇಡಬಹುದು. ಹೆಣ್ಣಿನ ಹೆಸರಾದ್ದರಿಂದ ಕೊನೆಗೆ ಲ್ಯಾಟಿನ್ನಿನ 'ಏ' ಪ್ರತ್ಯಯ ಸೇರುತ್ತದೆ, ಅಷ್ಟೇ. ಆದರೆ ಐದೂ ಖಾಲಿ ಚಿಪ್ಪು. ಒಳಗಿನ ಹುಳುವನ್ನು ನೋಡದೆ ಯಾವ ಕುಲಕ್ಕೆ ಸೇರಿಸಬೇಕು ಅನ್ನುವುದು ನನಗಿನ್ನೂ ಗಟ್ಟಿಯಾಗಿಲ್ಲ. ಪಾಚಿಯಲ್ಲೂ ಹುಡುಕಿ ನೋಡಿ, ಜೀವಂತ ಸಿಕ್ಕರೆ 95 ಶೇಕಡಾ ಆಲ್ಕೋಹಾಲಿನಲ್ಲಿ ಹಾಕಿ, ಫಾರ್ಮಲಿನ್ ಬೇಡ, ಅದರ ಆಮ್ಲ ಚಿಪ್ಪನ್ನೇ ಕರಗಿಸುತ್ತದೆ ಅಂತ ಬರೆದಿದ್ದೇನೆ. ಹತ್ತಿಯಲ್ಲಿ ಸುತ್ತಬೇಡಿ, ಎಳೆ ಸಿಕ್ಕಿಕೊಂಡು ಅಂಚು ಮುರಿಯುತ್ತದೆ. ಜಾಗ, ಆಳ, ದಿನಾಂಕ ಬರೆದ ಚೀಟಿ ಸೀಸೆಯ ಒಳಗೇ ಇರಲಿ, ಪೆನ್ಸಿಲಿನಲ್ಲಿ. ಮೊನ್ನೆ ಅವರ ಇನ್ನೊಂದು ಪಾರ್ಸೆಲ್ ಬಂದಿದೆ. ಈ ಸಲ ಸೀಸೆಯಲ್ಲಿ ಪಾಚಿಯೂ ಇದೆ, ಚೀಟಿಯೂ ಇದೆ.