42 ಮಕ್ಕಳು, ಎರಡು ಕೊಡ ನೀರು: ಶಾಲೆಯ ಚಿತ್ರಕಲಾ ಕೋಣೆ ಹೊಂದಿಸುವುದು ಹೇಗೆ?

ಪ್ರಶ್ನೆ: ನಮ್ಮದು ಗದಗ ಹತ್ರ ಒಂದು ಹಿರಿಯ ಪ್ರಾಥಮಿಕ ಶಾಲೆ. ಈ ವರ್ಷ ಒಂದು ಖೋಲಿ ಖಾಲಿ ಆಗೇತಿ, ಚಿತ್ರಕಲೆಗೆ ಅಂತ ಹೆಡ್‌ಮಾಸ್ತರು ಕೊಟ್ಟಾರ. 20 ಅಡಿ ಉದ್ದ, 20 ಅಡಿ ಅಗಲ. ಬೆಂಚ್ ಇಲ್ಲ, ಒಳಗ ನಳ ಇಲ್ಲ. ಒಂದ್ ತರಗತಿಗೆ 42 ಹುಡುಗ್ರು. ಕ್ರೇಯಾನ್ ಕೊಟ್ಟ ದಿನ ಛಲೋ ನಡೀತೈತಿ. ನೀರಿನ ಬಣ್ಣ ಕೊಟ್ಟ ದಿನ ಮಾತ್ರ ಪಿರಿಯಡ್ ಮುಗಿದ್ರೂ ತೊಳಿಯೂದು ಮುಗಿಯೂದಿಲ್ಲ, ಮುಂದಿನ ಪಿರಿಯಡ್ಡಿನವ್ರು ಬಾಗಿಲದಾಗ ಬಂದು ನಿಂತಿರ್ತಾರ. ಖೋಲಿ ಹೆಂಗ ಹೊಂದಿಸಬೇಕ್ರಿ?

ಉತ್ತರ: ಮಕ್ಕಳನ್ನು ಎಲ್ಲಿ ಕೂಡಿಸಬೇಕು, ಕಪಾಟು ಎಲ್ಲಿ ಇಡಬೇಕು ಎಂಬುದನ್ನು ಆಮೇಲೆ ನೋಡೋಣ. ಮೊದಲು ತೊಳೆಯುವ ಜಾಗ ಮತ್ತು ಒಣಗಿಸುವ ಜಾಗ ಗೊತ್ತು ಮಾಡಿಕೊಳ್ಳಿ. ಚಿತ್ರಕಲೆಯ ಪಿರಿಯಡ್ ಕೆಡುವುದು ಹೆಚ್ಚಾಗಿ ಕೊನೆಯ ಹತ್ತು ನಿಮಿಷದಲ್ಲಿ. ಆ ಹತ್ತು ನಿಮಿಷಕ್ಕೆ ಕೋಣೆ ಸಿದ್ಧವಾಗಿದ್ದರೆ ಉಳಿದ ಮೂವತ್ತು ತಾನಾಗಿ ಸರಿಹೋಗುತ್ತದೆ.

ತೊಳೆಯುವ ಜಾಗ ಬಾಗಿಲ ಹೊರಗೆ, ಕಟ್ಟೆಯ ಮೇಲಿರಲಿ. ಒಳಗಿದ್ದರೆ ಬಣ್ಣದ ನೀರು ಹಿಡಿದವರು ಹಸಿ ಚಿತ್ರಗಳನ್ನು ದಾಟಿ ಓಡಾಡುತ್ತಾರೆ. ಮೂರು ಬಕೀಟು ಸಾಲಾಗಿ ಇಡಿ, ಪ್ರತಿಯೊಂದರಲ್ಲಿ ಅರ್ಧದಷ್ಟು, ಅಂದರೆ ಸುಮಾರು 7 ಲೀಟರ್ ನೀರು. ಬ್ರಷ್ಷು, ತಟ್ಟೆ ಮೊದಲನೆಯದರಲ್ಲಿ ಅದ್ದಿ ಉಜ್ಜಬೇಕು, ಎರಡನೆಯದರಲ್ಲಿ ಜಾಲಿಸಬೇಕು, ಮೂರನೆಯದರಲ್ಲಿ ಮುಳುಗಿಸಿ ತೆಗೆಯಬೇಕು. ಮುಂದಿನ ತರಗತಿ ಬಂದಾಗ ಮೊದಲ ಬಕೀಟನ್ನಷ್ಟೇ ಖಾಲಿ ಮಾಡಿ. ಎರಡನೆಯದನ್ನು ಅದರ ಜಾಗಕ್ಕೆ, ಮೂರನೆಯದನ್ನು ಎರಡನೆಯದರ ಜಾಗಕ್ಕೆ ಸರಿಸಿ, ಖಾಲಿಯಾದ ಬಕೀಟಿಗೆ ಹೊಸ ನೀರು ಹಾಕಿ ಕೊನೆಗೆ ಇಡಿ. ಹೀಗೆ ಮಾಡಿದರೆ ಮೊದಲ ತರಗತಿಗೆ ಎರಡು ಕೊಡ ಸಾಕು, ಆಮೇಲಿನ ಪ್ರತಿ ತರಗತಿಗೆ ಅರ್ಧ ಕೊಡ. ಗದಗ-ಬೆಟಗೇರಿಯಲ್ಲಿ ನಳ ಯಾವತ್ತು ಬಂದೀತೆಂದು ಕಾಯುವವರಿಗೆ ಈ ಲೆಕ್ಕದ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ.

ಮೊದಲ ಬಕೀಟಿನ ಹೊಲಸು ನೀರನ್ನು ಆಗಿಂದಾಗಲೇ ಚೆಲ್ಲಬೇಡಿ. ಹಳೆಯ ಡಬ್ಬಿಯೊಂದರಲ್ಲಿ ರಾತ್ರಿಯಿಡೀ ಬಿಟ್ಟರೆ ಬಣ್ಣ ತಳಕ್ಕೆ ಕೂಡುತ್ತದೆ. ಮೇಲಿನ ನೀರನ್ನು ಮೆಲ್ಲಗೆ ಬಸಿದು ಅಂಗಳಕ್ಕೆ ಹಾಕಬಹುದು. ಬಿಸಿಯೂಟಕ್ಕೆಂದು ಬೆಳೆದ ಪಲ್ಲೆಯ ಮಡಿಗೆ ಮಾತ್ರ ಬೇಡ.

ಇನ್ನು ಒಣಗಿಸುವುದು. ಒಂದು ಗೋಡೆಯ ಉದ್ದಕ್ಕೂ ಮೂರು ಅಡಿ ಪಟ್ಟಿ ಖಾಲಿ ಬಿಡಿ, ಹಳೆಯ ಪೇಪರ್ ಹಾಸಿ. ಎ4 ಅಳತೆಯ 42 ಹಾಳೆಗಳು ಅಲ್ಲಿ ಎರಡು ಸಾಲಿನಲ್ಲಿ ಸಲೀಸಾಗಿ ಹಿಡಿಯುತ್ತವೆ. ಹಸಿ ಚಿತ್ರವನ್ನು ನೇರವಾಗಿ ಹಗ್ಗಕ್ಕೆ ತೂಗುಹಾಕಿದರೆ ಬಣ್ಣ ಕೆಳಗೆ ಇಳಿದು ಚಿತ್ರ ಕೆಡುತ್ತದೆ. ಅರ್ಧ ತಾಸು ನೆಲದಲ್ಲಿ ಬಿಟ್ಟು ಆಮೇಲೆ ಹಗ್ಗಕ್ಕೆ ಏರಿಸಿ. 20 ಅಡಿಯ ಒಂದು ಹಗ್ಗಕ್ಕೆ ಎ4 ಹಾಳೆ ಸುಮಾರು 26 ಹಿಡಿಯುತ್ತವೆ, ಆದ್ದರಿಂದ ಎರಡು ಹಗ್ಗ ಬೇಕು. ಗದಗಿನ ಗಾಳಿ ನಿಮಗೆ ಗೊತ್ತೇ ಇದೆ, ಗಾಳಿಯಂತ್ರದವರು ಸುಮ್ಮನೆ ಇಲ್ಲಿಗೆ ಬಂದಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಪಡುವಣ ಕಿಟಕಿ ಮುಚ್ಚಿ, ಒಂದು ಹಾಳೆಗೆ ಎರಡು ಕ್ಲಿಪ್ ಹಾಕಿ. ನೆಲದಲ್ಲಿದ್ದ ಹಾಳೆಗೆ ಮೂಲೆಯಲ್ಲಿ ಒಂದು ಬೆಣಚುಕಲ್ಲು ಸಾಕು.

ಬೆಂಚಿಲ್ಲ ಎಂದು ಬೇಸರ ಮಾಡಿಕೊಳ್ಳಬೇಡಿ. ಬಣ್ಣದ ಕೆಲಸಕ್ಕೆ ನೆಲವೇ ವಾಸಿ: ನೀರಿನ ಡಬ್ಬಿ ಬಿದ್ದರೂ ತೊಡೆಯ ಮೇಲೆ ಬೀಳುವುದಿಲ್ಲ, ಪರಸಿ ಕಲ್ಲನ್ನು ಒಂದು ಹಸಿ ಅರಿವೆಯಿಂದ ಒರೆಸಿದರೆ ಮುಗಿಯಿತು. ಆರು ಮಕ್ಕಳ ಏಳು ಗುಂಪು ಮಾಡಿ. ಮುಂದೆ ನಿಮಗೆ ನಾಲ್ಕು ಅಡಿ ಬಿಟ್ಟು, ಎಡಕ್ಕೆ ಮೂರು, ಬಲಕ್ಕೆ ಮೂರು ಗುಂಪು, ನಡುವೆ ಮೂರು ಅಡಿ ದಾರಿ. ಏಳನೆಯ ಗುಂಪು ನಿಮ್ಮ ಎದುರಿಗೇ ಕೂಡಲಿ, ಕೈಹಿಡಿದು ತೋರಿಸಬೇಕಾದ ಮಕ್ಕಳು ಅದರಲ್ಲಿರಲಿ. ಹಾಳೆಯ ಕೆಳಗೆ ಇಡಲು ಅರಿವೆ ಅಂಗಡಿಯ ಅಂಗಿ ಡಬ್ಬಿ, ಸೀರೆ ಡಬ್ಬಿಯ ಗಟ್ಟಿ ರಟ್ಟು ಸಾಕು. ಗುಂಪಿನ ಜಾಗವನ್ನು ಸೀಮೆಸುಣ್ಣದಿಂದ ಗೆರೆ ಎಳೆದು ತೋರಿಸಿ, ತಿಂಗಳೊಪ್ಪತ್ತಿನಲ್ಲಿ ಗೆರೆ ಇಲ್ಲದೆಯೂ ಸರಿಯಾಗಿ ಕೂಡುತ್ತಾರೆ.

ನಿಮ್ಮ ನಿಜವಾದ ತೊಡಕು ಬ್ರಷ್ಷಿನದು. ಒಬ್ಬೊಬ್ಬರಿಗೆ ಒಂದೊಂದು ಬ್ರಷ್ಷು ಕೊಟ್ಟರೆ ಬಣ್ಣ ಬದಲಿಸಿದಾಗಲೆಲ್ಲ ತೊಳೆಯಬೇಕು. ಐದು ನಿಮಿಷದಲ್ಲಿ ಡಬ್ಬಿಯ ನೀರು ಕಂದಾಗುತ್ತದೆ, "ಅಕ್ಕೋರ, ನೀರು ಬದಲ ಮಾಡಿ ಬರ್ಲ್ಯಾ?" ಎಂದು ಏಳು ಮಂದಿ ಒಮ್ಮೆಗೇ ಏಳುತ್ತಾರೆ. ಒಂದರಿಂದ ಮೂರನೆಯ ತರಗತಿಗೆ ಬ್ರಷ್ಷನ್ನು ಮಗುವಿನ ಲೆಕ್ಕದಲ್ಲಿ ಕೊಡಬೇಡಿ, ಬಣ್ಣದ ಲೆಕ್ಕದಲ್ಲಿ ಕೊಡಿ. ಗುಂಪಿಗೆ ಕೆಂಪು, ಹಳದಿ, ನೀಲಿ, ಬಿಳಿ ನಾಲ್ಕು ಬಟ್ಟಲು, ಬಟ್ಟಲಿಗೆ ಎರಡು ಬ್ರಷ್ಷು. ಹಳದಿಯ ಬ್ರಷ್ಷು ಹಳದಿ ಬಟ್ಟಲಿಗೇ ಮರಳಬೇಕು, ನಿಯಮ ಅಷ್ಟೇ. ನೀರಿನ ಡಬ್ಬಿಯೇ ಬೇಡ. ಎಂಟರಂತೆ ಏಳು ಗುಂಪಿಗೆ 56 ಬ್ರಷ್ಷು ಆಗುತ್ತವೆ ನಿಜ, ಆದರೆ ಒಂದರ ಹಿಂದೊಂದು ತರಗತಿ ಇದ್ದರೆ ನಡುವೆ ಅವನ್ನು ತೊಳೆಯಬೇಕಾಗಿಲ್ಲ. ಬಟ್ಟಲಿನ ಮೇಲೆ ಹಸಿ ಅರಿವೆ ಮುಚ್ಚಿಡಿ, ಸಂಜೆಗೆ ಒಂದೇ ಸಲ ತೊಳೆಯಿರಿ.

ನಾಲ್ಕನೆಯ ತರಗತಿಯಿಂದ ಮೇಲೆ ಬಣ್ಣ ಬೆರೆಸುವುದೇ ಪಾಠ, ಅಲ್ಲಿ ಒಬ್ಬರಿಗೊಂದು ಬ್ರಷ್ಷು, ಗುಂಪಿಗೊಂದು ಸ್ಟೀಲ್ ಚರಗಿ ನೀರು. ಚರಗಿಯಲ್ಲಿ ಮೂರರಲ್ಲಿ ಒಂದು ಪಾಲು ನೀರು ಮಾತ್ರ. ಮೊಸರಿನ ಪ್ಲಾಸ್ಟಿಕ್ ಕಪ್ಪು ಹಗುರ, ಬ್ರಷ್ಷಿನ ತೂಕಕ್ಕೇ ಉರುಳುತ್ತದೆ. ಗುಂಪಿಗೆ ಎರಡು ಹತ್ತಿ ಅರಿವೆ ತುಂಡು ಮರೆಯಬೇಡಿ, ಹಳೆಯ ಧೋತರ ಒಳ್ಳೆಯದು, ಪಾಲಿಸ್ಟರ್ ಸೀರೆ ನೀರು ಹೀರುವುದಿಲ್ಲ. ಅದ್ದು, ಅಲ್ಲಾಡಿಸು, ಒರೆಸು, ಆಮೇಲೆ ಬಣ್ಣ. ಒರೆಸುವುದನ್ನು ಬಿಟ್ಟವರ ಹಾಳೆಯಲ್ಲೇ ಕೆರೆ ನಿಲ್ಲುವುದು.

ಬಣ್ಣದ ಅಳತೆ: ಹಳದಿ, ಬಿಳಿ ಎರಡೆರಡು ಚಹಾ ಚಮಚ, ಕೆಂಪು, ನೀಲಿ ಒಂದೊಂದು. ಗುಂಪಿಗೆ 30 ಮಿಲಿ ಲೀಟರ್, ತರಗತಿಗೆ 210. ಪೋಸ್ಟರ್ ಕಲರ್ ಕಡೆದ ಮೊಸರಿನಷ್ಟು ಮಂದವಿರಬೇಕು. ಹಳದಿ ಎಲ್ಲಕ್ಕಿಂತ ಮೊದಲು ಖರ್ಚಾಗುತ್ತದೆ. ಬಳಸಿ ಮುಗಿಯುವುದಕ್ಕಿಂತ ಹೆಚ್ಚಾಗಿ ಅದರಲ್ಲಿ ನೀಲಿ ಸೇರಿ ಹಾಳಾಗುತ್ತದೆ. ಹಸಿರು ಮಾಡಲು ಹಳದಿಗೆ ನೀಲಿಯ ಒಂದು ಚುಕ್ಕೆ ಹಾಕಬೇಕೇ ಹೊರತು ನೀಲಿಗೆ ಹಳದಿ ಸುರಿಯಬಾರದು ಎಂದು ಮೊದಲ ದಿನವೇ ಮಾಡಿ ತೋರಿಸಿ. ಕಪ್ಪು ನಿಮ್ಮ ಹತ್ತಿರವೇ ಇರಲಿ, ಕೊನೆಯ ಐದು ನಿಮಿಷಕ್ಕೆ ಬೇಕಾದವರು ಬಂದು ಹಚ್ಚಿಕೊಳ್ಳಲಿ. ರಂಗಪಂಚಮಿಯಲ್ಲಿ ಉಳಿದ ಬಣ್ಣ, ರಂಗೋಲಿ ಪುಡಿ ತಂದು ಕಲಸುವ ಉಳಿತಾಯ ಬೇಡ. ಅದರಲ್ಲಿ ಏನು ಬೆರೆತಿದೆ ಎಂದು ಪೊಟ್ಟಣದ ಮೇಲೆ ಇರುವುದಿಲ್ಲ, ಮಕ್ಕಳ ಕೈ ಬಾಯಿಗೆ ಹೋಗುವುದು ತಪ್ಪುವುದಿಲ್ಲ.

ತೊಳೆದ ಬ್ರಷ್ಷನ್ನು ಕೂದಲು ಕೆಳಗಾಗಿ ನೀರಿನಲ್ಲಿ ನಿಲ್ಲಿಸಿ ಬಿಟ್ಟರೆ ಕೂದಲು ಮಡಿಚಿಕೊಳ್ಳುತ್ತದೆ, ತಗಡಿನ ಕೊಳವೆಯೊಳಗೆ ನೀರಿಳಿದು ಅಂಟು ಬಿಡುತ್ತದೆ, ಹಿಡಿಕೆ ಕಳಚುತ್ತದೆ. ಬಿಸಿನೀರೂ ಇದೇ ಕೆಡುಕು ಮಾಡುತ್ತದೆ. ಒರೆಸಿ, ಬೆರಳಿನಿಂದ ತುದಿ ಕೂಡಿಸಿ, ಅಡ್ಡ ಮಲಗಿಸಿ ಒಣಗಿಸಿ.

ಕಾಗದದ ವಿಷಯದಲ್ಲಿ ನಿಮ್ಮ ಊರು ಪುಣ್ಯ ಮಾಡಿದೆ. ಮುದ್ರಣ ಕಾಶಿ ಎನ್ನಿಸಿಕೊಂಡ ಗದಗಿನ ಪ್ರೆಸ್ಸುಗಳಲ್ಲಿ ಕತ್ತರಿಸಿ ಉಳಿದ ತುಂಡುಗಳನ್ನು ಕೇಳಿ ನೋಡಿ. ಆದರೆ ಮಿಂಚುವ ಆರ್ಟ್ ಪೇಪರ್ ಬಣ್ಣ ಹೀರುವುದಿಲ್ಲ, ಒಣಗಿದ ಮೇಲೆ ಪೋಸ್ಟರ್ ಕಲರ್ ಹೆಕ್ಕಳಿಕೆಯಾಗಿ ಉದುರುತ್ತದೆ, ಅದನ್ನು ಕತ್ತರಿಸಿ ಅಂಟಿಸುವ ಕೆಲಸಕ್ಕೆ ಇಟ್ಟುಕೊಳ್ಳಿ. ಮಿಂಚಿಲ್ಲದ ಮ್ಯಾಪ್‌ಲಿಥೋ ತುಂಡು ಪೆನ್ಸಿಲ್, ಕ್ರೇಯಾನ್‌ಗೆ ಛಲೋ. ಬಣ್ಣದ ದಿನಕ್ಕೆ 120 ಜಿಎಸ್‌ಎಂಗಿಂತ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂನಲ್ಲಿ) ಕಡಿಮೆ ಹಾಳೆ ಕೊಡಬೇಡಿ, ಝೆರಾಕ್ಸ್ ಹಾಳೆ ನೀರು ತಾಗಿದೊಡನೆ ಸುರುಳಿ ಸುತ್ತುತ್ತದೆ. 22 ಇಂಚು, 30 ಇಂಚಿನ ಪೂರ್ತಿ ಡ್ರಾಯಿಂಗ್ ಶೀಟ್ ಮೂರು ಸಲ ಮಡಚಿ ಕತ್ತರಿಸಿದರೆ 11 ಇಂಚು, 7.5 ಇಂಚಿನ ಎಂಟು ತುಂಡು ಸಿಗುತ್ತವೆ, ಆರು ಶೀಟಿನಲ್ಲಿ ಒಂದು ತರಗತಿ. ಹೆಸರು, ತರಗತಿ ಹಿಂಬದಿಯಲ್ಲಿ ಪೆನ್ಸಿಲಿನಿಂದ, ಬಣ್ಣ ಹಂಚುವ ಮೊದಲೇ.

ಅಂಟಿಗೆ ಮೈದಾ ಸಾಕು: ಒಂದು ವಾಟಿ ಮೈದಾ ತಣ್ಣೀರಿನಲ್ಲಿ ಗಂಟಿಲ್ಲದೆ ಕದಡಿ, ಒಟ್ಟು ನಾಲ್ಕು ವಾಟಿ ನೀರಾಗುವಂತೆ ಬೆರೆಸಿ, ಹಾಲುಬಣ್ಣ ಹೋಗಿ ಮಬ್ಬಾಗುವ ತನಕ ಕುದಿಸಿ. ಹುಳ ಹಿಡಿಯದಿರಲೆಂದು ತುತ್ತ ಹಾಕುವ ಹಳೆಯ ರೂಢಿ ಶಾಲೆಯಲ್ಲಿ ಬೇಡ, ಅದು ವಿಷ. ಬೇಸಿಗೆಯಲ್ಲಿ ಎರಡನೇ ದಿನಕ್ಕೆ ಹುಳಿ ವಾಸನೆ ಬರುತ್ತದೆ, ಆದ್ದರಿಂದ ಅಂದಿನದನ್ನು ಅಂದೇ ಮಾಡಿ.

ಮಣ್ಣಿನ ಕೆಲಸವನ್ನು ಬಿಡಬೇಡಿ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು, ಆಷಾಢದ ಮಂಗಳವಾರಕ್ಕೆ ಗುಳ್ಳವ್ವ, ಭಾದ್ರಪದದಲ್ಲಿ ಗಣಪ, ಜೋಕುಮಾರ: ಮೊದಲ ಮೂರು ತಿಂಗಳ ಪಾಠ ಪಂಚಾಂಗದಲ್ಲೇ ಇದೆ, ಪ್ರತಿಭಾ ಕಾರಂಜಿಗೂ ಅದೇ ತಾಲೀಮು. ತೊಂದರೆ ಒಂದೇ, ನಮ್ಮ ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗುವಾಗ ಅಷ್ಟೇ ಕುಗ್ಗುತ್ತದೆ, ಹೊಲದಲ್ಲಿ ಬೇಸಿಗೆಗೆ ಬಿರುಕು ಬಿಡುವಂತೆಯೇ ಎತ್ತಿನ ಹೊಟ್ಟೆಯೂ ಬಿರಿಯುತ್ತದೆ. ಒಣ ಹೆಂಟೆ ಒಡೆದು ಒಂದು ರಾತ್ರಿ ನೆನೆಹಾಕಿ, ಹಳೆಯ ಸೀರೆಯಲ್ಲಿ ಸೋಸಿ, ಮೇಲಿನ ನೀರು ಬಸಿದು, ಅರಿವೆಯ ಮೇಲೆ ಹರವಿ ಗಟ್ಟಿಯಾಗಲು ಬಿಡಿ. ಮೂರು ಪಾಲು ಮಣ್ಣಿಗೆ ಒಂದು ಪಾಲು ಸಣ್ಣ ಉಸುಕು, ಎರಡು ಮುಷ್ಟಿ ನೆನೆಸಿದ ಪೇಪರಿನ ಹಿಟ್ಟು ಹಾಕಿ ನಾದಿ. ಪೆನ್ಸಿಲ್ ದಪ್ಪದ ಬತ್ತಿ ಹೊಸೆದು ಬೆರಳಿಗೆ ಸುತ್ತಿದಾಗ ಸೀಳಿದರೆ ನೀರು ಕಡಿಮೆ, ಬೆರಳಿಗೆ ಮೆತ್ತಿದರೆ ಇನ್ನಷ್ಟು ನಾದಬೇಕು. ಒಬ್ಬರಿಗೆ 300 ಗ್ರಾಂ, ತರಗತಿಗೆ 12ರಿಂದ 13 ಕಿಲೋ.

ಎತ್ತಿನ ಕಾಲು, ಕೊಂಬು, ಇಣಿ (ಹೆಗಲ ಮೇಲಿನ ಡುಬ್ಬ) ಉದುರುವುದು ಒತ್ತಿ ಅಂಟಿಸಿದ್ದರಿಂದ. ಎರಡೂ ಕಡೆ ಕಡ್ಡಿಯಿಂದ ಗೀರಿ, ತೆಳುಗೆಸರು ಹಚ್ಚಿ, ತಿರುವಿ ಕೂಡಿಸಬೇಕು. ಯಾವ ಭಾಗವೂ ಒಂದು ಇಂಚಿಗಿಂತ ದಪ್ಪ ಇರಬಾರದು, ಹೊಟ್ಟೆಯನ್ನು ಕೆಳಗಿನಿಂದ ಬೆರಳು ಹಾಕಿ ಟೊಳ್ಳು ಮಾಡಲಿ. ಎರಡು ದಿನ ಹಸಿ ಗೋಣಿ ಮುಚ್ಚಿ ನೆರಳಲ್ಲಿಟ್ಟು ಆಮೇಲೆ ತೆರೆಯಿರಿ, ಫ್ಯಾನ್ ಹಾಕಬೇಡಿ. ಕೈಯನ್ನು ಬಕೀಟಿನಲ್ಲೇ ತೊಳೆಯಬೇಕು. ಬಚ್ಚಲ ಪೈಪಿನ ತಿರುವಿನಲ್ಲಿ ಎರೆಮಣ್ಣು ಕೂತರೆ ಪೈಪ್ ಬಿಚ್ಚದೆ ಹೋಗುವುದಿಲ್ಲ.

ಸಮಯ: 40 ನಿಮಿಷದಲ್ಲಿ ಬಣ್ಣ ಹಿಡಿಸುವುದು ಕಷ್ಟವೇ. ಹೆಡ್‌ಮಾಸ್ತರಿಗೆ ಹೇಳಿ ಎರಡು ವಾರಕ್ಕೊಮ್ಮೆ ಜೋಡಿ ಪಿರಿಯಡ್ ಕೇಳಿ, ಹಂಚುವ, ತೊಳೆಯುವ ಕೆಲಸ 80 ನಿಮಿಷಕ್ಕೆ ಒಂದೇ ಸಲ ಬರುತ್ತದೆ. ನಡುವಿನ ವಾರಗಳಲ್ಲಿ ಪೆನ್ಸಿಲ್, ಕ್ರೇಯಾನ್, ಐದನೆಯ ತರಗತಿಗೆ ಗ್ರಾಫ್ ಹಾಳೆಯ ಮೇಲೆ ಕಸೂತಿಯ ಗವಂತಿ, ಮುರ್ಗಿ ಹೊಲಿಗೆಯ ನಮೂನೆ. ಒಂದೇ ಪಿರಿಯಡ್ ಸಿಕ್ಕರೆ 30ನೆಯ ನಿಮಿಷಕ್ಕೆ ಕೈ ನಿಲ್ಲಿಸಿ. ಪ್ರತಿ ಗುಂಪಿನಲ್ಲಿ ಬ್ರಷ್ಷಿಗೆ ಇಬ್ಬರು, ಹಾಳೆಗೆ ಇಬ್ಬರು, ನೆಲ ಒರೆಸಲು ಇಬ್ಬರು, ಪಾಳಿ ತಿಂಗಳಿಗೊಮ್ಮೆ ಬದಲಾಗಲಿ. ಬಕೀಟಿನ ಹತ್ತಿರ ಒಂದು ಸಲಕ್ಕೆ ಎರಡೇ ಗುಂಪಿನವರು. ಕೈಯನ್ನು ಮೊದಲು ಹಸಿ ಅರಿವೆಯಿಂದ ಕೂತಲ್ಲೇ ಒರೆಸಿಕೊಂಡರೆ ಸಾಲು ಅರ್ಧಕ್ಕಿಳಿಯುತ್ತದೆ.

ಗೋಡೆಗೆ ಪೇಂಟರ್ ಕರೆಸಿ ಕಾರ್ಟೂನು ಬರೆಸುವ ಉಮೇದು ಯಾರಿಗಾದರೂ ಬಂದರೆ ದಯವಿಟ್ಟು ತಡೆಯಿರಿ. ಮಕ್ಕಳ ಚಿತ್ರ ಹಚ್ಚಲು ಬಿಳಿ ಗೋಡೆ ಬೇಕು. ಹಳೆಯ ಚಿತ್ರಗಳ ಕಟ್ಟನ್ನು ಇಟ್ಟಂಗಿ ಮೇಲಿನ ಹಲಗೆಯಲ್ಲಿ, ಗೋಡೆಯಿಂದ ಅರ್ಧ ಅಡಿ ಬಿಟ್ಟು ಇಡಿ. ಮೈದಾ ಅಂಟಿಗೆ ಇಲಿಯೂ ಬರುತ್ತದೆ, ಗೆದ್ದಲೂ ಬರುತ್ತದೆ.

ಹಣ ಕಡಿಮೆ ಇದ್ದರೆ ಖರೀದಿ ಈ ಕ್ರಮದಲ್ಲಿರಲಿ: ನಳ ಹಚ್ಚಿದ 50 ಲೀಟರಿನ ಡ್ರಮ್ಮು, ಮೂರು ಬಕೀಟು, ಹಗ್ಗ, ಕ್ಲಿಪ್ಪು, ಆಮೇಲೆ ಹಾಳೆ, ಕೊನೆಗೆ ಬಣ್ಣ ಮತ್ತು ಬ್ರಷ್ಷು. ಜೂನ್ ತಿಂಗಳಿಡೀ ಮಣ್ಣು, ಕ್ರೇಯಾನ್‌ನಲ್ಲೇ ಗುಂಪು ಮತ್ತು ಪಾಳಿಯ ರೂಢಿ ಮಾಡಿಸಿ, ಪೋಸ್ಟರ್ ಕಲರಿನ ಬಾಟಲಿ ಜುಲೈನಲ್ಲಿ ತೆರೆದರೂ ನಡೆಯುತ್ತದೆ.